ಗೇರುಸಿಪ್ಪೆಯ ಸ್ಯಾಂಡ್‌ಬ್ಲಾಸ್ಟಿಂಗು

ಮಗಳು ಪ್ರೇಕ್ಷಾಳ ಮೊದಲ ಹುಟ್ಟುಹಬ್ಬ ಭಾನುವಾರ, ಅಂಕೋಲೆಯ ನಾದಿನಿ ಲತಾಳ ಮನೆಯಲ್ಲಿ. ಸ್ಕೂಟರಿನ ಮೇಲೆ ಕೂಸನ್ನು ಹೆದ್ದಾರಿಗೆ ಒಯ್ಯುವ ಮಾತೇ ಇಲ್ಲ, ಮಾವನ ಕಾಲದ ಕಾರಿನಲ್ಲೇ ಹೋಗುವುದು ಎಂದು ರಕ್ಷಿತಾ ಘೋಷಿಸಿಬಿಟ್ಟಳು. ಕಾರವಾರದ ಕಡಲಂಚಿನ ಕೋಡಿಬಾಗದ ಉಪ್ಪುಗಾಳಿ ಆ ಕಾರನ್ನು ಅರ್ಧ ತಿಂದು ಮುಗಿಸಿತ್ತು.

"ತುಕ್ಕು ನಾನೇ ತೆಗೀತೀನಿ. ಒಂದೇ ದಿನ ಸಾಕು!"

ಮಗುವನ್ನು ಮುಟ್ಟುವವರು ಸೋಪು ಹಚ್ಚಿ ಇಪ್ಪತ್ತು ಎಣಿಸುವತನಕ ಕೈ ತೊಳೆಯಬೇಕೆಂದು ಬಾಗಿಲಿಗೆ ಚೀಟಿ ಅಂಟಿಸಿದವಳು ಅವಳು. ಅತ್ತೆ ಚಂಪಾಗೂ ವಿನಾಯಿತಿ ಇರಲಿಲ್ಲ. ಅಂಥವಳು ಗಾಳಿಯ ರಭಸದಲ್ಲಿ ಮರಳು ಹೊಡೆದು ತುಕ್ಕು ಕೆರೆಯುವ ಸ್ಯಾಂಡ್‌ಬ್ಲಾಸ್ಟರ್ ಆರಿಸುವುದೆಂದರೆ ವರ ಹುಡುಕಿದ ಹಾಗೆ! ಟ್ಯಾಂಕಿನದು ಕಾರಿಗಿಂತ ದುಬಾರಿ. ಪೆಟ್ಟಿಗೆಯದರಲ್ಲಿ ಕಾರಿನ ಬಾಗಿಲು ಹಿಡಿಯದು. ಹದಿನೇಳು ವಿಡಿಯೋ ನೋಡಿ, ಮೇಲೆ ಡಬ್ಬಿಯಿರುವ ಗನ್ ತರಿಸಿದಳು. ಬಿಣಗಾದ ಗ್ಯಾರೇಜಿನಿಂದ ಕಂಪ್ರೆಸರ್ ಬಾಡಿಗೆಗೆ ಬಂತು.

"ಮರಳು ನಮ್ ಬಾಗ್ಲಲ್ಲೇ ಬಿದ್ಕಂಡದೆಯಲೆ," ಎಂದ ಗಂಡ ಸುಜಯ.

"ಅದರಲ್ಲಿ ಉಪ್ಪಿದೆ! ಧೂಳು ಮಗು ಎದೆಗೆ ಹೋದ್ರೆ? ವಿದೇಶದಲ್ಲಿ ಅಕ್ರೋಟಿನ ಸಿಪ್ಪೆ ಪುಡಿ ಮಾಡಿ ಹೊಡೀತಾರೆ."

"ಕಾರವಾರದಲ್ಲಿ ಅಕ್ರೋಟು ಎಲ್ಲಿಂದ ತರೂದು?"

ಹುಬ್ಬಳ್ಳಿಯಲ್ಲಿ ಓದಿ ಬೆಳೆದ ರಕ್ಷಿತಾಳ ತಲೆಯಲ್ಲಿ ಮಿಂಚು ಹೊಡೆಯಿತು. ಅಂಕೋಲೆಯಲ್ಲಿ ಗೇರುಬೀಜದ ಸಿಪ್ಪೆ ರಾಶಿ ರಾಶಿ! ಗಂಡನಿಗೂ ಹೇಳದೆ ಲತಾಗೆ ಫೋನು ಮಾಡಿದಳು. ಬಚ್ಚಲ ಒಲೆಗಿರಬೇಕೆಂದು ಲತಾ ಬಸ್ಸಿನಲ್ಲಿ ಎರಡು ಚೀಲ ಕಳಿಸಿದಳು. ಚೀಲ ಕಂಡ ಚಂಪಾ ಕೂಡ ಒಲೆಗೇ ಇರಬೇಕೆಂದುಕೊಂಡಳು.

ಶುಕ್ರವಾರ ಸುಜಯ ಕೆಲಸಕ್ಕೆ ಹೋದದ್ದೇ ತಡ, ಮಗುವನ್ನು ಅತ್ತೆಗೊಪ್ಪಿಸಿ, ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಅಂಟಿಸಿ, ಕನ್ನಡಕ, ಮಾಸ್ಕ್ ತೊಟ್ಟು ರಕ್ಷಿತಾ ರಣರಂಗಕ್ಕಿಳಿದಳು. ಗ್ಲೌಸಿನಲ್ಲಿ ಗನ್ನಿನ ಟ್ರಿಗರ್ ಒತ್ತಲು ಬರದೆಂದು ಅದನ್ನು ಕಳಚಿಟ್ಟಳು. ಸಿಪ್ಪೆ ಕುಟ್ಟುವ ನಡುವೆ ಮಗು ಅತ್ತಿತೇ, ಕೆಮ್ಮಿತೇ ಎಂದು ಐದು ಸಲ ಕಿಟಕಿಯಲ್ಲಿ ಇಣುಕಿದಳು. ಪ್ಲಾಸ್ಟಿಕ್ ಬಿಟ್ಟು ಬೇರೇನೂ ಕಾಣಲಿಲ್ಲ!

ಪುಡಿ ತುಂಬಿ ಒತ್ತಿದರೆ ಗನ್ ಮೊದಲು ಕೆಮ್ಮಿತು, ಆಮೇಲೆ ಸೀನಿತು, ಕೊನೆಗೆ 'ಭುಸ್' ಎಂದು ಕಪ್ಪು ಎಣ್ಣೆಯ ಮಳೆಗರೆಯಿತು. ಕಾರು ಕಪ್ಪು, ತುಳಸಿಕಟ್ಟೆ ಕಪ್ಪು, ರಕ್ಷಿತಾ ಕಪ್ಪು. ತುಕ್ಕು ಮಾತ್ರ ಇದ್ದಲ್ಲೇ!

ಹೊರಬಂದ ಚಂಪಾ ಹಣೆ ಚಚ್ಚಿಕೊಂಡಳು. "ಅಯ್ಯೋ ಹುಡ್ಗೀ, ಗೇರುಸಿಪ್ಪೆ ಎಣ್ಣೆ ಮೈ ಸುಡ್ತದೆ ಹೇಳಿ ಗೊತ್ತಿಲ್ವನೇ? ಬೊಕ್ಕೆ ಏಳ್ತದೆ! ತೊಳಿ ಮೊದ್ಲು!"

ತೊಳೆದರೂ ಕೈ ಊದಿತು. ಅಷ್ಟರಲ್ಲಿ ಪಕ್ಕದ ಮನೆಯ ಮೀನುಗಾರ ಮಂಗೇಶ ಬಂದು ಕಾರಿಗೆ ಎರಡು ಸುತ್ತು ಹಾಕಿ ತಲೆದೂಗಿದ. "ಎಣ್ಣೆ ಏನ್ ಚಲೋ ಕೂತದೆ ವೈನಿ! ಮರ ಹಾಳಾಗ್ದಂಗೆ ಇದೇ ಎಣ್ಣೆ ದೋಣಿಗೆ ಬಳಿಯೂಕೆ ನಂಗೆ ಎರಡು ದಿನ ಬೇಕು. ನಾಳೆ ನಮ್ ದೋಣಿಗೂ ಹೊಡ್ದು ಕೊಡ್ತೀರಾ?"

ಭಾನುವಾರ ಎಲ್ಲರೂ ಬಸ್ಸಿನಲ್ಲಿ ಅಂಕೋಲೆಗೆ ಹೊರಟರು. ಪ್ರೇಕ್ಷಾ ಅಜ್ಜಿಯ ತೊಡೆಯ ಮೇಲಿದ್ದಳು. ಮೊಣಕೈವರೆಗೂ ಬ್ಯಾಂಡೇಜ್ ಸುತ್ತಿಕೊಂಡ ರಕ್ಷಿತಾ ತಡೆಯಲಾರದೆ ಮಗುವಿನತ್ತ ಕೈ ಚಾಚಿದಳು. ಚಂಪಾ ಕೂಸನ್ನು ಕಿಟಕಿಯ ಕಡೆ ಸರಿಸಿ, ಸೆರಗಿನ ಗಂಟು ಬಿಚ್ಚಿ, ಬಾಗಿಲಿಂದ ಕಿತ್ತು ತಂದ ಚೀಟಿಯನ್ನು ಸೊಸೆಯ ಮೂಗಿನ ಮುಂದೆ ಹಿಡಿದಳು.

"ಇದ್ನ ಒಂದ್ಸಲ ಓದು, ಮಾರಾಯ್ತಿ!"