ನೀರಿನ ಟ್ಯಾಂಕಿನ ಹಿಂದೆ ನಿಲ್ಲುವ ಗೋಲ್ ಕೀಪರ್ ಹೆಸರನ್ನು ಪ್ರಸಾರ ಮಾಡುವ ಕುರಿತು

ವಿದ್ಯಾರ್ಥಿ ಪ್ರಸಾರ ಮತ್ತು ಇತರೆ ಶಬ್ದಗಳ ವಿಭಾಗ
ಕಾಲೇಜು ಕಟ್ಟಡ, ಎರಡನೇ ಮಹಡಿ (ಮೆಟ್ಟಿಲು ಹತ್ತಿ ಎಡಕ್ಕೆ, ಬಲಕ್ಕೆ ಹೋದವರು ಶೌಚಾಲಯ ತಲುಪುತ್ತಾರೆ)

ಸಂಖ್ಯೆ: ವಿಪ್ರಇಶ/ಕ್ರೀಡೆ/ಟ್ಯಾಂಕ್/17(ಅ)
ದಿನಾಂಕ: ಗುರುವಾರ

ಸುತ್ತೋಲೆ

ವಿಷಯ: ಕಾಲೇಜು ರೇಡಿಯೋದ ಫುಟ್‌ಬಾಲ್ ವೀಕ್ಷಕ ವಿವರಣೆಯಲ್ಲಿ ನಮ್ಮ ಗೋಲ್ ಕೀಪರ್ ಇದ್ದಾನೆಂಬುದನ್ನು ಸಾಬೀತುಪಡಿಸುವ ಬಗ್ಗೆ.

ಉಲ್ಲೇಖ:
1. ಸದರಿ ಗೋಲ್ ಕೀಪರನ ತಾಯಿಯವರು ಸೋಮವಾರ ಈ ಕಚೇರಿಯ ಬಾಗಿಲಲ್ಲಿ ನಿಂತು ಸಲ್ಲಿಸಿದ ಮೌಖಿಕ ದೂರು (ಕೆಳಮಹಡಿಯಲ್ಲೂ ಸ್ವೀಕೃತವಾಗಿದೆ).
2. ಟ್ಯಾಂಕನ್ನು ಸ್ವಲ್ಪ ಪಕ್ಕಕ್ಕೆ ಸರಿಸುವಂತೆ ಕ್ರೀಡಾ ತಂಡದವರು ಬರೆದ ಪತ್ರ, ಹಾಗೂ "ಅದರಲ್ಲಿ ನೀರಿದೆ" ಎಂಬ ಕಟ್ಟಡ ವಿಭಾಗದ ಉತ್ತರ.

ಪ್ರಸ್ತಾವನೆ:

ವಿದ್ಯಾರ್ಥಿಗಳೇ ನಡೆಸುವ ಕಾಲೇಜು ರೇಡಿಯೋದಲ್ಲಿ ವಾರ್ತೆ, ಸಂಸ್ಕೃತಿ, ಕ್ರೀಡೆ ಎಂಬ ಮೂರು ತಂಡಗಳಿದ್ದು, ಮೂರಕ್ಕೂ ಸೇರಿ ಒಂದು ಕೊಠಡಿ, ಒಂದು ಮೈಕು ಮತ್ತು ಒಂದು ಕಿಟಕಿ ಮಂಜೂರಾಗಿರುತ್ತದೆ. ಹಿಂದಿನ ಮೈಕನ್ನು ನಾಟಕದವರು ಎರವಲು ಒಯ್ದು, ಸುತ್ತಿಗೆಯಾಗಿ ಬಳಸಿ, ಎರಡು ಭಾಗಗಳಲ್ಲಿ ಹಿಂದಿರುಗಿಸಿದ ಕಾರಣ ಈಗಿನದನ್ನು ಮೇಜಿಗೆ ಸ್ಕ್ರೂ ಹಾಕಿ ಬಿಗಿಯಲಾಗಿದೆ. ಆದುದರಿಂದ ಕಿಟಕಿಯಿಂದ ಕಂಡಷ್ಟೇ ಮೈದಾನ, ಕಂಡಷ್ಟೇ ಪಂದ್ಯ. ಮೈದಾನದ ಬಲತುದಿಯ ಗೋಲು ನೀರಿನ ಟ್ಯಾಂಕಿನ ಮರೆಯಲ್ಲಿದೆ.

ಟ್ಯಾಂಕಿನ ಬದಿಗೆ ನೆರಳಿರುವುದರಿಂದ ಮೊದಲರ್ಧದಲ್ಲಿ ನಮ್ಮ ತಂಡ ಅಲ್ಲಿಯೇ ನಿಲ್ಲುತ್ತದೆ. ನಮಗೆ ನೆರಳು, ಅತಿಥಿಗಳಿಗೆ ಬಿಸಿಲು ಎಂಬುದು ಈ ಕಾಲೇಜಿನ ಹಳೆಯ ಆತಿಥ್ಯ. ಎರಡನೆಯ ಅರ್ಧದಲ್ಲಿ ದಿಕ್ಕು ಬದಲಾಗಿ ಗೋಲ್ ಕೀಪರ್ ಕಣ್ಣಿಗೆ ಬೀಳುತ್ತಾನಾದರೂ, ಅಷ್ಟರಲ್ಲಿ ಐದು ಗಂಟೆಯಾಗಿ ಮೈಕು ವಾರ್ತಾ ತಂಡದ ಪಾಲಾಗಿರುತ್ತದೆ. ಹೀಗಾಗಿ ನಾಲ್ಕು ಪಂದ್ಯಗಳಲ್ಲಿ ಅವನ ಹೆಸರು ಒಂದು ಸಲವೂ ಪ್ರಸಾರವಾಗಿರುವುದಿಲ್ಲ. ಚೆಂಡು ಟ್ಯಾಂಕಿನ ಹಿಂದೆ ಹೋದಾಗಲೆಲ್ಲ, ಅದು ಮರಳಿ ಬರುವವರೆಗೆ ಸಂಸ್ಕೃತಿ ತಂಡದವರು ಕೊಳಲು ನುಡಿಸುವ ಪದ್ಧತಿ ಇದೆ. ಕಳೆದ ಪಂದ್ಯದಲ್ಲಿ ಕೊಳಲು ಸತತ ಹದಿನಾಲ್ಕು ನಿಮಿಷ ನುಡಿಯಿತು. ಕೊಳಲು ಕೇಳಿದರೆ ನಮ್ಮವರಿಗೆ ಒದೆ ಬೀಳುತ್ತಿದೆ ಎಂದು ಶ್ರೋತೃಗಳು ಈಗೀಗ ತಿಳಿದುಕೊಂಡಿದ್ದಾರೆ.

ಇದು ಸಾಲದೆಂಬಂತೆ, ಎರಡು ಮೂಲಗಳಿಲ್ಲದೆ ಏನನ್ನೂ ಹೇಳಬಾರದೆಂಬ ವ್ರತ ಹಿಡಿದಿರುವ ವಾರ್ತಾ ತಂಡವು ಭಾನುವಾರ, "ನಮ್ಮ ತಂಡಕ್ಕೆ ಗೋಲ್ ಕೀಪರ್ ಇರುವುದು ಈವರೆಗೆ ದೃಢಪಟ್ಟಿಲ್ಲ" ಎಂದು ಓದಿತು. ತಾಯಿಯವರು ತಳ್ಳುಗಾಡಿಯಲ್ಲಿ ತರಕಾರಿ ಮಾರುವವರಾಗಿದ್ದು, ಗಾಡಿಗೆ ರೇಡಿಯೋ ನೇತುಹಾಕಿಕೊಂಡು ಇದನ್ನು ಇಡೀ ಬೀದಿಯೊಂದಿಗೆ ಕೇಳಿಸಿಕೊಂಡರು. ಮೂಲೆಯ ಅಂಗಡಿಯ ದರ್ಜಿಯು, "ಅಕ್ಕಾ, ನಿಮ್ಮ ಮಗ ಬಾಲ್ ಹಿಡೀತಾನೋ, ಇಲ್ಲ ಆಡೋರ ಚೀಲ ಹಿಡ್ಕೊಂಡು ಕೂತಿರ್ತಾನೋ?" ಎಂದು ಕೇಳಿದ್ದಾಗಿ ದೂರಿನಲ್ಲಿದೆ. ಟ್ಯಾಂಕಿನ ವಿಷಯವನ್ನು ಮಗ ವಿವರಿಸಿದಾಗ, "ಟ್ಯಾಂಕ್ ಅಡ್ಡ ಬಂತಂತೆ! ಕಳ್ಳನಿಗೊಂದು ಪಿಳ್ಳೆ ನೆವ" ಎಂದು ತಿರಸ್ಕರಿಸಲಾಗಿದೆ. ಅವನ ಬೂಟುಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಲಾಗಿದೆ. "ರೇಡಿಯೋದಲ್ಲಿ ಹೆಸರು ಬರಲಿ, ಆಮೇಲೆ ಬೂಟು. ಅಲ್ಲೀವರೆಗೆ ಸಂಜೆ ಸುಮ್ನೆ ಗಾಡಿ ತಳ್ಳಲಿ" ಎಂಬುದು ಅವರ ಅಂತಿಮ ನಿಲುವು.

ಶನಿವಾರ ಪಕ್ಕದ ಬಡಾವಣೆಯ ಕಾಲೇಜಿನೊಂದಿಗೆ ಅಂತಿಮ ಪಂದ್ಯವಿದೆ. ಬದಲಿ ಗೋಲ್ ಕೀಪರ್ ಚೆಂಡು ಬಂದಾಗ ಗೌರವದಿಂದ ಪಕ್ಕಕ್ಕೆ ಸರಿಯುವ ಸ್ವಭಾವದವನು. ಪರಿಸ್ಥಿತಿಯ ಗಾಂಭೀರ್ಯವನ್ನು ಮನಗಂಡು, ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ವೀಕ್ಷಕ ವಿವರಣೆಗಾರರು ಐದು ನಿಮಿಷಕ್ಕೊಮ್ಮೆ "ಪುಟ್ಟು ಇದ್ದಾನೆ" ಎಂದು ಹೇಳತಕ್ಕದ್ದು. (ಪುಟ್ಟು ಎಂಬುದು ಆರಡಿ ಎತ್ತರದ ಸದರಿ ಗೋಲ್ ಕೀಪರನ ಮನೆಯ ಹೆಸರು.) ಎಲ್ಲಿ ಎಂದು ಯಾರಾದರೂ ಕೇಳಿದಲ್ಲಿ "ಇರಬೇಕಾದಲ್ಲಿ" ಎನ್ನುವುದು.

2. ಚೆಂಡನ್ನು ಟ್ಯಾಂಕಿನ ಹಿಂದಕ್ಕೆ ಒದೆಯಬಯಸುವ ಆಟಗಾರರು ಮೊದಲು ಕಿಟಕಿಯತ್ತ ಕೈ ಎತ್ತಿ, ಒಳಗಿನಿಂದ ಕೈ ಬೀಸಿದ ನಂತರವೇ ಒದೆಯತಕ್ಕದ್ದು. ಇದು ಎದುರಾಳಿಗಳಿಗೂ ಅನ್ವಯಿಸುತ್ತದೆ.

3. ಗೋಲ್ ಕೀಪರ್ ಹತ್ತು ನಿಮಿಷಕ್ಕೊಮ್ಮೆ ಟ್ಯಾಂಕಿನ ಮರೆಯಿಂದ ಹೊರಬಂದು ಮುಖ ತೋರಿಸಿ ಹಿಂದಿರುಗುವುದು. ಮಂಗಳವಾರದ ಅಭ್ಯಾಸಕ್ಕೆ ಗಾಡಿ ಬಿಟ್ಟು ಬರಿಗಾಲಲ್ಲೇ ಬಂದಿದ್ದ ಅವನು ಹೀಗೆ ಮುಖ ತೋರಿಸುತ್ತಿದ್ದಾಗ ಎರಡು ಗೋಲುಗಳಾದವು. ಅಂತಹ ಗೋಲುಗಳನ್ನು ಅನ್ಯಕಾರ್ಯ ನಿಮಿತ್ತ ಬಿಟ್ಟುಕೊಟ್ಟದ್ದೆಂದು ನಮೂದಿಸುವುದು.

4. ಉಸಿರು ಸಾಲುತ್ತಿಲ್ಲವೆಂಬ ಕೊಳಲು ವಾದಕಿಯ ಮನವಿಯನ್ನು ಪರಿಶೀಲಿಸಿ, ಕೊಳಲನ್ನು ಮೂರು ನಿಮಿಷಕ್ಕೆ ಸೀಮಿತಗೊಳಿಸಲಾಗಿದೆ. ಆ ಬಳಿಕವೂ ಚೆಂಡು ಬಾರದಿದ್ದಲ್ಲಿ ಸಂಸ್ಕೃತಿ ತಂಡದವರೆಲ್ಲ ಒಟ್ಟಾಗಿ ನಿಟ್ಟುಸಿರು ಬಿಡುವುದು.

5. ಮೇಲ್ಕಂಡ ಕ್ರಮಗಳನ್ನು ಮಂಗಳವಾರವೇ ಪ್ರಾಯೋಗಿಕವಾಗಿ ಪ್ರಸಾರ ಮಾಡಿ ನೋಡಲಾಗಿದೆ. ಅದನ್ನು ಕೇಳಿದ ತಾಯಿಯವರು, "ಇದೇನು, ಹಾಜರಿ ಕೂಗಿದ ಹಾಗಿದೆ. ಬರ್ಕೊಂಡು ಓದಿದ್ದು ನಂಗೆ ಗೊತ್ತಾಗಲ್ವಾ?" ಎಂದಿದ್ದಾರೆ. ಕ್ರಮಗಳು ನಿಷ್ಪ್ರಯೋಜಕವೆಂದು ಕಂಡುಬಂದಿದ್ದರೂ, ಒಮ್ಮೆ ಬರೆದ ನಿಯಮವನ್ನು ಹಿಂಪಡೆಯುವ ಅಭ್ಯಾಸ ಈ ವಿಭಾಗಕ್ಕೆ ಇಲ್ಲದ್ದರಿಂದ ಅವು ಮುಂದುವರಿಯುತ್ತವೆ.

6. ಬೇರೆ ದಾರಿ ಕಾಣದೆ, ಬುಧವಾರದ ಅಭ್ಯಾಸಕ್ಕೆ ತಾಯಿಯವರನ್ನೇ ಕರೆತಂದು ಟ್ಯಾಂಕಿನ ಹಿಂದೆ, ಗೋಲಿನ ಪಕ್ಕ ಕುರ್ಚಿ ಹಾಕಿ ಕೂರಿಸಲಾಯಿತು. ಮೈಕು ಮೇಜು ಬಿಟ್ಟು ಬಾರದು, ಬಂದರೂ ಅಲ್ಲಿಗೆ ಅದರ ವೈರು ಎಟುಕದು. ಬೀದಿಯಲ್ಲಿ ಇಪ್ಪತ್ತು ವರ್ಷ ಸೊಪ್ಪು ಕೂಗಿದ ಕಂಠಕ್ಕೆ ವೈರು ಬೇಕಾಗಿಲ್ಲವೆಂಬುದು ಮೊದಲ ನಿಮಿಷದಲ್ಲೇ ಸಾಬೀತಾಯಿತು. ಕಿಟಕಿ ಮುಚ್ಚಿದರೂ ಧ್ವನಿ ಸ್ಪಷ್ಟವಾಗಿತ್ತು. ಅಂದು ಪ್ರಸಾರವಾದದ್ದರ ಯಥಾವತ್ ದಾಖಲೆ ಹೀಗಿದೆ:

"ಬಂತು, ಬಂತು... ಅಯ್ಯೋ, ಬರಿಗಾಲಲ್ಲಿ ನಿಂತಿದೀಯಲ್ಲೋ ಪುಟ್ಟೂ... ಬಿದ್ದ! ಎದ್ದೇಳೋ... ಹಿಡ್ದ! ನನ್ನ ಮಗ ಹಿಡ್ದ! ಏ ದರ್ಜಿ ಅಣ್ಣಾ, ಕೇಳಿಸ್ತಾ?"

ಕೇಳಿಸಿತೆಂದು ದರ್ಜಿಯವರು ಲಿಖಿತವಾಗಿ ತಿಳಿಸಿದ್ದಾರೆ. ರೇಡಿಯೋದಲ್ಲೋ, ನೇರವಾಗಿಯೋ ಎಂಬುದನ್ನು ನಮೂದಿಸಿಲ್ಲ. ಬೂಟುಗಳು ಅದೇ ಸಂಜೆ, ಪಾಲಿಶ್ ಸಹಿತ ಬಿಡುಗಡೆಯಾಗಿವೆ. ನಡುವೆ ತಾಯಿಯವರು ಅಭ್ಯಾಸಬಲದಿಂದ ಎರಡು ಬಾರಿ ಟೊಮೆಟೊ ದರವನ್ನೂ ಕೂಗಿದ್ದು, ಅದನ್ನು ವಾರ್ತೆಯೆಂದು ಪರಿಗಣಿಸಲಾಗಿದೆ.

7. ಆದುದರಿಂದ ತಾಯಿಯವರನ್ನು ಶನಿವಾರದ ಮಟ್ಟಿಗೆ "ಹಂಗಾಮಿ ವೀಕ್ಷಕ ವಿವರಣೆಗಾರರು (ಟ್ಯಾಂಕಿನ ಆಚೆ)" ಎಂದು ನೇಮಿಸಿ ಆದೇಶಿಸಿದೆ. ಚೆಂಡು ಆಟದಲ್ಲಿರುವಾಗ ಅವರು ಗೋಲ್ ಕೀಪರನನ್ನು ನೀರು ಕುಡಿಯಲು ಕರೆಯಕೂಡದು. ರೆಫರಿಯ ಕಣ್ಣಿನ ಬಗ್ಗೆ ಮಾತಾಡಕೂಡದು. ಮಾತಾಡಲೇಬೇಕೆನಿಸಿದಲ್ಲಿ ವಿರಾಮದವರೆಗೆ ತಡೆದುಕೊಳ್ಳುವುದು. ಪಂದ್ಯ ಮುಗಿಯುವವರೆಗೆ ಅವರ ತಳ್ಳುಗಾಡಿಯನ್ನು ವಾರ್ತಾ ತಂಡವೇ ನೋಡಿಕೊಳ್ಳತಕ್ಕದ್ದು. ಬದನೆಕಾಯಿ ಎಳೆಯದೆಂದು ಎರಡು ಮೂಲಗಳಿಂದ ಖಚಿತಪಡಿಸಿಕೊಂಡೇ ಗ್ರಾಹಕರಿಗೆ ಹೇಳುವುದು. ತತ್ಪರಿಣಾಮವಾಗಿ ಐದು ಗಂಟೆಯ ವಾರ್ತೆ ಇರುವುದಿಲ್ಲ. ನಡೆದದ್ದು ಆಮೇಲೂ ನಡೆದದ್ದೇ ಆಗಿರುತ್ತದೆ.

8. ಎರಡನೆಯ ಅರ್ಧದಲ್ಲಿ ನಮ್ಮ ಗೋಲ್ ಕೀಪರ್ ಕಿಟಕಿಗೆ ಕಾಣುವ ಬದಿಗೆ ಬರುವುದರಿಂದ, ವಿರಾಮದ ನಂತರ ಅವರು ಮನೆಗೆ ಹೋಗಬಹುದೆಂದು ತಿಳಿಸಲಾಯಿತು. ಅವರು ಒಪ್ಪಲಿಲ್ಲ. ಆಗ ಟ್ಯಾಂಕಿನ ಹಿಂದೆ ಯಾರು ನಿಲ್ಲುತ್ತಾರೆಂದು ಕೇಳಿದರು. ಎದುರಾಳಿ ತಂಡದ ಹುಡುಗ ಎಂದು ತಿಳಿಸಲಾಯಿತು. "ಅವನ ಮನೇಲೂ ಯಾರೋ ರೇಡಿಯೋ ಹಚ್ಕೊಂಡು ಕೂತಿರ್ತಾರಲ್ವಾ ಸಾರ್? ನಾನು ಅಲ್ಲೇ ಇರ್ತೀನಿ. ಅವನ ಹೆಸರೊಂದು ಬರ್ಕೊಡಿ" ಎಂದರು. ಎದುರಾಳಿಯ ಹೆಸರನ್ನು ಅಕ್ಕರೆಯಿಂದ ಕೂಗುವುದನ್ನು ನಿಷೇಧಿಸುವ ನಿಯಮವೊಂದು ಇರಬಹುದೆಂದು ಕಡತಗಳನ್ನು ಅರ್ಧ ದಿನ ಹುಡುಕಲಾಯಿತು. ಸಿಗಲಿಲ್ಲ. ಸಿಗದಿದ್ದದ್ದಕ್ಕೆ ಕೆಳಗೆ ಸಹಿ ಮಾಡಿದವರಿಗೆ ಸಂತೋಷವಾಗಿದೆ. ಅನುಮತಿಸಲಾಗಿದೆ.

(ಸಹಿ)
ಪ್ರಭಾರ ಅಧಿಕಾರಿ
ವಿದ್ಯಾರ್ಥಿ ಪ್ರಸಾರ ಮತ್ತು ಇತರೆ ಶಬ್ದಗಳ ವಿಭಾಗ
(ಮೂಲ ಹುದ್ದೆ: ಸಸ್ಯಶಾಸ್ತ್ರ ಪ್ರಯೋಗಾಲಯ)

ಪ್ರತಿಗಳು:
1. ಕ್ರೀಡಾ ತಂಡಕ್ಕೆ, ಪಾಲನೆಗಾಗಿ.
2. ವಾರ್ತಾ ತಂಡಕ್ಕೆ, ತಕ್ಕಡಿ ಬಳಸುವುದನ್ನು ಶುಕ್ರವಾರದೊಳಗೆ ಕಲಿಯಲು.
3. ಸಂಸ್ಕೃತಿ ತಂಡಕ್ಕೆ, ನಿಟ್ಟುಸಿರಿನ ತಾಲೀಮಿಗಾಗಿ.
4. ಗ್ರಂಥಾಲಯಕ್ಕೆ, ಶನಿವಾರ "ಮೌನ" ಎಂಬ ಫಲಕವನ್ನು ತಾತ್ಕಾಲಿಕವಾಗಿ ತೆಗೆದಿಡಲು.
5. ಕಟ್ಟಡ ವಿಭಾಗಕ್ಕೆ, ನೀರು ಇನ್ನೂ ಇದೆಯೇ ಎಂದು ತಿಳಿಸಲು.
6. ಅತಿಥಿ ತಂಡದ ಗೋಲ್ ಕೀಪರ್‌ಗೆ: ನಿನ್ನನ್ನು ಮನೆಯಲ್ಲಿ ಕರೆಯುವ ಹೆಸರನ್ನು ಬರೆದು ಕಳುಹಿಸುವುದು. ನಾಚಿಕೊಳ್ಳುವ ಅಗತ್ಯವಿಲ್ಲ.