ಪರಪರ ಎನ್ನುವ ಮಳೆ ಜಾಕೆಟ್ಟಿನ ತಯಾರಕರಿಗೆ

ಮಾನ್ಯರೇ,

ಅಮೆರಿಕದ ಐಡಹೊ ರಾಜ್ಯದ ಸಾಲ್ಮನ್ ಊರಿನ ಶಾಲಾ ಬಸ್ ಚಾಲಕಿ ಟ್ವೈಲಾ ಯೋರ್ಗೆನ್ಸನ್ ಮಾಡುವ ನಮಸ್ಕಾರಗಳು. ತಾವೂ, ತಮ್ಮಲ್ಲಿ ಜಾಕೆಟ್ ಹೊಲಿಯುವ ಸಮಸ್ತರೂ ಕ್ಷೇಮವೆಂದು ನಂಬಿದ್ದೇನೆ.

ಬೇಟೆಗಾರರ ಅಂಗಡಿಯ ಎಲೆಚಿತ್ತಾರದ ಜಾಕೆಟ್ಟಿನ ಬೆಲೆ ಕೇಳಿ ಎದೆ ಧಸಕ್ಕೆಂದಿದ್ದರಿಂದ, ಅದರ ಅರ್ಧ ಬೆಲೆಗೆ ಸಿಕ್ಕ, ಅರ್ಧವೇ ತೂಗುವ, ಪರ್ವತಾರೋಹಿಗಳಿಗೆಂದು ತಾವು ಮಾಡಿದ ಜಾಕೆಟ್ಟನ್ನು ಕೊಂಡೆ. ಓಟಗಾರರ ಒಳಉಡುಪನ್ನೂ ಚಾರಣಿಗರ ಪ್ಯಾಂಟನ್ನೂ ಬೇಟೆಗೆ ತೊಟ್ಟು ಸುಖಪಟ್ಟವಳಾದ್ದರಿಂದ ತಮ್ಮನ್ನೂ ನಂಬಿದೆ.

ಬೇಟೆಯ ಪರವಾನಗಿಗೆ ಹನ್ನೊಂದು ವರ್ಷ ಅರ್ಜಿ ಹಾಕಿದ ಮೇಲೆ ಈ ಸಲ ಚೀಟಿ ಎತ್ತುವಾಗ ನನ್ನ ಹೆಸರು ಬಂದಿತ್ತು: ಬಿಲ್ಲಿನಿಂದ ಒಂದು ಗಂಡು ಎಲ್ಕ್ ಕಡವೆ, ಸೆಪ್ಟೆಂಬರಿನ ಕೊನೆಯ ಭಾನುವಾರ ಸಂಜೆಯೊಳಗೆ. ಹೊಡೆದರೆ ಚಳಿಗಾಲವಿಡೀ ಮನೆಗೆ ಮಾಂಸ, ಇಲ್ಲದಿದ್ದರೆ ಮತ್ತೆ ಅರ್ಜಿ. ಶನಿವಾರ ಬೆಳಿಗ್ಗೆ, ಜಿನುಗುವ ಮಳೆಯಲ್ಲಿ, ನನ್ನ ಅಕ್ಕನ ಗಂಡ ಓರ್ವಲ್ ಭಾವ ಎಂಬತ್ತು ಹೆಜ್ಜೆ ಹಿಂದೆ ಮರದ ಮರೆಯಲ್ಲಿ ನಿಂತು ಹೆಣ್ಣು ಎಲ್ಕಿನ ದನಿಯಲ್ಲಿ ಕೂಗುತ್ತಿದ್ದರು. ಅದನ್ನು ನಂಬಿದ, ಕುದುರೆಯಷ್ಟೆತ್ತರದ ಗಂಡೊಂದು ನನ್ನಿಂದ ಇಪ್ಪತ್ತು ಹೆಜ್ಜೆಗೆ ಬಂದು ನಿಂತಿತು. ಹೆದೆ ಎಳೆದೆ. ತಮ್ಮ ಜಾಕೆಟ್ಟಿನ ತೋಳು ಪರಪರ ಎಂದಿತು. ಎಲ್ಕ್ ಒಮ್ಮೆ ನನ್ನನ್ನು ನೋಡಿ ಕಣಿವೆಯಾಚೆ ಹೊರಟುಹೋಯಿತು. ಸುಳ್ಳೇಕೆ, ನಾನು ಅಲ್ಲೇ ಕುಸಿದು ಅತ್ತೆ. ಭಾವ ಬಂದವರು, "ಏನೇ ಟ್ವೈಲಾ, ಇಲ್ಲಿ ಕೂತ್ಕೊಂಡು ಚಿಪ್ಸ್ ಪ್ಯಾಕೆಟ್ ಬಿಚ್ತಾ ಇದ್ಯಾ? ನಂಗೂ ಒಂದೆರಡು ಇಡಬಾರದಿತ್ತಾ?" ಎಂದು ಸಮಾಧಾನ ಹೇಳಿದರು.

ಎಂಬತ್ತು ಹೆಜ್ಜೆ ದೂರಕ್ಕೂ ಕೇಳುವಂತೆ ದನಿ ಎತ್ತಬಲ್ಲ ಬಟ್ಟೆ ನೇಯ್ದ ತಮ್ಮ ಎಂಜಿನಿಯರರನ್ನು ಮನಸಾರೆ ಅಭಿನಂದಿಸುತ್ತೇನೆ. ಪರ್ವತಾರೋಹಿಗಳು ಸದ್ದಿಲ್ಲದೆ ಹತ್ತಬೇಕಾಗಿಲ್ಲ ಎಂಬುದು ನನಗೂ ಅರ್ಥವಾಗುತ್ತದೆ, ಶಿಖರ ಓಡಿಹೋಗುವುದಿಲ್ಲ. ಆದ್ದರಿಂದ ತಾವು ಬಟ್ಟೆ ಬದಲಿಸುವ ತೊಂದರೆ ತೆಗೆದುಕೊಳ್ಳದೆ, ನಮ್ಮ ಕಾಡಿನ ಎಲ್ಕುಗಳ ಕಿವಿಗೆ ಹತ್ತಿ ತುರುಕಲು ಇಬ್ಬರು ನೌಕರರನ್ನು ಆಗಸ್ಟಿನಲ್ಲೇ ಕಳಿಸಿಕೊಡಬೇಕೆಂದೂ, ಅದಾಗದಿದ್ದರೆ ಪ್ರತಿ ಜಾಕೆಟ್ಟಿನ ಜೊತೆ ಒಂದೊಂದು ಗುಡುಗನ್ನು ಉಚಿತವಾಗಿ ಕೊಡಬೇಕೆಂದೂ ವಿನಂತಿ.

ಭಾನುವಾರ ಅದೇ ಮಳೆಯಲ್ಲಿ, ನಾವು ಬೀಡುಬಿಟ್ಟಿದ್ದ ಗುಡಾರದಲ್ಲಿ ಸಿಕ್ಕ ಅಕ್ಕನ ಹೂವಿನ ಫ್ಲಾನೆಲ್ ನೈಟಿಯನ್ನು ಸ್ವೆಟರಿನ ಮೇಲೆ ಏರಿಸಿಕೊಂಡು, ತೊಯ್ದು ತೊಪ್ಪೆಯಾಗಿ, ಹಲ್ಲು ಕಚ್ಚಿಕೊಂಡು ಕೂತೆ. ಸಂಜೆ ನಾಲ್ಕೂವರೆಗೆ ಇನ್ನೊಂದು ಗಂಡು ಬಂತು. ನೈಟಿ ತುಟಿಪಿಟಕ್ಕೆನ್ನಲಿಲ್ಲ. ನನಗೀಗ ನೆಗಡಿ, ಮನೆಯ ಫ್ರೀಜರ್ ಭರ್ತಿ.

ತಮ್ಮ ವಿಶ್ವಾಸಿ,
ಟ್ವೈಲಾ ಯೋರ್ಗೆನ್ಸನ್

ತಾ.ಕ.: ಎಲ್ಕಿನ ಲಿವರನ್ನು ತರಲು ಚೀಲ ಸಾಲದೆ, ತೊಡದೆ ಮಡಚಿ ತಂದಿದ್ದ ತಮ್ಮ ಜಾಕೆಟ್ಟಿನಲ್ಲೇ ಸುತ್ತಿ ಕಟ್ಟಿಕೊಂಡೆ. ಎರಡು ಮೈಲಿ ನಡೆದರೂ ಒಂದು ಹನಿ ರಕ್ತ ಹೊರಗೆ ಸೋರಲಿಲ್ಲ. ಈ ಮಾತನ್ನು ಜಾಹೀರಾತಿಗೆ ಧಾರಾಳವಾಗಿ ಬಳಸಿಕೊಳ್ಳಬಹುದು.