ನೆನಪಿನ ಶಕ್ತಿಗೆ ಆರಕ್ಕೆ ಆರು

ಹನ್ನೊಂದು ವರ್ಷ ನಾನು ಒಂದೇ ಕಂಪನಿಯ ಪುಟ್ಟ ಕ್ಯಾಮೆರಾಕ್ಕೆ ನಿಷ್ಠನಾಗಿದ್ದೆ. ಕಂಪನಿಯ ಹೆಸರು ಬೇಡ. ಸಂಬಂಧ ಮುರಿದ ಮೇಲೆ ಹಳೆಯವರ ಹೆಸರನ್ನು ಬೀದಿಯಲ್ಲಿ ಆಡಬಾರದು. ಜೇಬಿನಲ್ಲಿಟ್ಟರೆ ಕೋಟು ಒಂದು ಪಕ್ಕಕ್ಕೆ ವಾಲುವಷ್ಟು ತೂಕ, ಯಾವ ಗೂಡಂಗಡಿಯಲ್ಲೂ ಸಿಗುವ ಎರಡು ಪೆನ್ಸಿಲ್ ಸೆಲ್ಲು, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಲು ಒಂದು ಕಿಂಡಿ. ನನ್ನ ಹೆಂಡತಿ ಬೊಜೆನಾ ಅದಕ್ಕೆ ಸವತಿ ಎಂದು ಹೆಸರಿಟ್ಟಿದ್ದಳು. (ಮನೆಯಲ್ಲಿ ನಾನು ದಿನಾ ಮೆತ್ತನೆ ಬಟ್ಟೆಯಿಂದ ಒರೆಸಿಡುವ ವಸ್ತು ಅದೊಂದೇ ಎಂಬುದು ಅವಳ ದೂರು.)

ಇಂಥ ಸಾಧ್ವಿ ಆ ವರ್ಷದ ಮೇ ತಿಂಗಳಲ್ಲಿ ನನ್ನ ಮಾನ ಕಳೆಯಿತು. ನಮ್ಮ ದೇಶದಲ್ಲಿ ಫುಟ್‌ಬಾಲ್ ಪಂದ್ಯಾವಳಿ ನಡೆದ ವರ್ಷ ಅದು. ಬೊಜೆನಾಳ ಅಕ್ಕ ದನುತಾಳ ಮೊಮ್ಮಗಳು ಬಿಳಿ ಉಡುಪು ತೊಟ್ಟು ಚರ್ಚಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸುವ ಕ್ಷಣ. ನಾನು ಕ್ಯಾಮೆರಾ ಎತ್ತಿ ಗುಂಡಿ ಒತ್ತಿದೆ. ಲೆನ್ಸು ಮುಕ್ಕಾಲು ಹೊರಗೆ ಬಂದು, ಕಾಫಿ ಬೀಜ ಅರೆಯುವ ಸದ್ದು ಮಾಡಿ, ಅಲ್ಲೇ ನಿಂತುಬಿಟ್ಟಿತು. ಪಾದ್ರಿಗಳೂ ತಿರುಗಿ ನೋಡಿದರು. ಹೊರಗೆ ಬಂದ ಮೇಲೆ ದನುತಾಳ ಗಂಡ, ಅಂದರೆ ನನ್ನ ಷಡ್ಡಕ ರೋಮುವಾಲ್ದ್, ನೆಂಟರೆಲ್ಲರ ಎದುರಿಗೆ ನನ್ನ ಬೆನ್ನು ತಟ್ಟಿದ.

"ಲುದ್ವಿಕ್, ಅದನ್ನ ಮ್ಯೂಸಿಯಂಗೆ ಕೊಟ್ಬಿಡಯ್ಯ. ಹಂಗೇ ನಿನ್ನನ್ನೂ ಇಟ್ಕೋತಾರಾ ಕೇಳ್ನೋಡು."

ಷಡ್ಡಕನ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ. ಮನೆಗೆ ಬಂದರೂ ಹೋಗಲಿಲ್ಲ. ಕಂಪನಿ ಬದಲಾಯಿಸುವುದೆಂದು ಅಂದೇ ಶಪಥ ಮಾಡಿದೆ.

ನಾನು ಬಿಯಾವಿಸ್ತೋಕ್ ಊರಿನ ಶಾಲೆಯೊಂದರಲ್ಲಿ ಭೂಗೋಳದ ಮೇಷ್ಟ್ರು. ಅಂಕ ಹಾಕದೆ ಯಾವುದನ್ನೂ ತೀರ್ಮಾನಿಸಿದವನಲ್ಲ. ಬೇಸಿಗೆ ರಜೆಯಿಡೀ ಚೌಕುಳಿ ನೋಟ್‌ಬುಕ್ಕಿನಲ್ಲಿ ಹಳೇ ಕಂಪನಿಯ ಈಗಿನ ಮಾದರಿಗೊಂದು, ಹೊಸ ಕಂಪನಿಯದಕ್ಕೊಂದು ಅಂಕಪಟ್ಟಿ ಎಳೆದು, ಒಂದೊಂದು ಗುಣಕ್ಕೂ ಆರಕ್ಕೆ ಇಷ್ಟೆಂದು ಹಾಕುತ್ತ ಕೂತೆ. ಅಖಿಲ ಕುಟುಂಬ ಪರಿಶೀಲನಾ ಸಮಿತಿಯ ಇನ್ನೊಬ್ಬ ಸದಸ್ಯೆ ಬೊಜೆನಾ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಲೇ ಸಭೆಗೆ ಹಾಜರಾಗುತ್ತಿದ್ದಳು.

"ಹಳೇ ಕಂಪನೀದ್ರಲ್ಲಿ ಬಣ್ಣ ಚೆನ್ನಾಗ್ ಬರುತ್ತೆ," ಎಂದೆ. "ನಿಮ್ಮಮ್ಮನ ಕೆನ್ನೆ ಸೇಬಿನ್ ಥರ ಇರುತ್ತೆ. ಹೊಸ ಕಂಪನೀದ್ರಲ್ಲಿ ಎಲ್ರೂ ಸ್ವಲ್ಪ ನೀಲಿ."

"ಹಾಗಾದ್ರೆ ಹಳೇ ಕಂಪನೀದೇ ತಗೋ."

"ಆದ್ರೆ ಹೊಸದ್ರಲ್ಲಿ ಇಡೀ ಊಟದ ಮೇಜು ಒಂದೇ ಫೋಟೋಲಿ ಹಿಡಿಯುತ್ತೆ. ಹಳೇದ್ರಲ್ಲಿ ಕೊನೇಲಿ ಕೂತ ರೋಮುವಾಲ್ದ್ ಯಾವಾಗ್ಲೂ ಅರ್ಧಕ್ಕೆ ಕತ್ತರಿಸಿ ಹೋಗ್ತಿದ್ದ."

"ಅದು ಹಳೇದ್ರ ಗುಣಾನೋ, ದೋಷಾನೋ?"

ಯೋಚಿಸಿ ಎರಡೂ ಕಡೆ ಬರೆದುಕೊಂಡೆ.

ಹೊಸದು ತೆಳ್ಳಗಿದೆ, ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ. ಆದರೆ ಕಿಂಡಿಯಿಲ್ಲ, ಕೈ ಮುಂದಕ್ಕೆ ಚಾಚಿ, ಚಾಳೀಸು ಬಂದವರು ಔಷಧಿ ಚೀಟಿ ಓದುವ ಹಾಗೆ ಹಿಡಿದು ನೋಡಬೇಕು. ಅದರ ಬ್ಯಾಟರಿ ಬೇರೆ, ಚಾರ್ಜರ್ ಬೇರೆ, ಹಳೆಯ ಕಾರ್ಡುಗಳು ಅದಕ್ಕೆ ಕೂರುವುದಿಲ್ಲ. ಚಳಿಯಲ್ಲಿ ಬೇಗ ಸುಸ್ತಾಗುತ್ತದಂತೆ. ("ನಿನಗೇ ಅಳತೆ ಕೊಟ್ಟು ಮಾಡ್ಸಿದ ಹಾಗಿದೆ," ಎಂದಳು ಬೊಜೆನಾ.) ಆಗಸ್ಟ್ ಮುಗಿಯುವ ಹೊತ್ತಿಗೆ ಎರಡಕ್ಕೂ ಮೂವತ್ತೊಂಬತ್ತು ಅಂಕ ಬಿದ್ದು, ನಾನು ನಿದ್ದೆಗೆಟ್ಟಿದ್ದೆ.

ಕೊನೆಗೆ ತೀರ್ಪು ಕೊಟ್ಟಿದ್ದು, ಹೊಸ ಕಂಪನಿಯದನ್ನು ನನ್ನ ಕೈಗಿಟ್ಟ ಅಂಗಡಿಯ ಹುಡುಗಿ. "ಇದ್ರಲ್ಲಿ ಇನ್ನೊಂದಿದೆ ಸಾರ್. ಯಾವ ಫೋಟೋ ಯಾವ ಜಾಗದಲ್ಲಿ ತೆಗೆದ್ರಿ ಅಂತ ಉಪಗ್ರಹ ಕೇಳ್ಕೊಂಡು ತಾನೇ ನೆನಪಿಟ್ಕೊಳ್ಳುತ್ತೆ. ಅಕ್ಷಾಂಶ, ರೇಖಾಂಶ, ಎಲ್ಲಾ."

ಅಕ್ಷಾಂಶ, ರೇಖಾಂಶ. ಇಪ್ಪತ್ತಾರು ವರ್ಷ ಮಕ್ಕಳ ತಲೆಗೆ ತುಂಬಲು ನೋಡಿ ಸೋತ ಆ ಎರಡು ಪದ, ಚೂಟಿಯಾದ ಹುಡುಗಿಯ ಬಾಯಲ್ಲಿ ಕೇಳಿ ನನ್ನ ಕಣ್ಣು ತುಂಬಿ ಬಂತು. ಅಲ್ಲೇ ಪೆನ್ನು ತೆಗೆದು 'ನೆನಪಿನ ಶಕ್ತಿ' ಎಂದು ಹೊಸ ಸಾಲು ಬರೆದು ಆರಕ್ಕೆ ಆರು ಹಾಕಿದೆ.

"ಎಲ್ಲಾನೂ ನೆನಪಿಟ್ಕೊಳ್ಳೋರ ಜೊತೆ ಬಾಳೋದು ಕಷ್ಟ ಕಣೋ," ಎಂದಳು ಬೊಜೆನಾ. ನಾನು ಕೇಳಿಸಿಕೊಳ್ಳಲಿಲ್ಲ.

ಇಲ್ಲಿ ನನ್ನ ಬಾಳಿನ ದೊಡ್ಡ ಗುಟ್ಟೊಂದನ್ನು ಹೇಳಬೇಕು. ನಮ್ಮ ಕಡೆ ಮನೆಯ ಬೀಗದ ಕೈ ಪಕ್ಕದವರಿಗೆ ಕೊಡುತ್ತಾರೆ, ಮಾಡಿದ ಪಾಪ ಪಾದ್ರಿಗೆ ಹೇಳುತ್ತಾರೆ, ಆದರೆ ಕಾಡಿನಲ್ಲಿ ಅಣಬೆ ಸಿಗುವ ಜಾಗವನ್ನು ಹೆತ್ತ ಮಗನಿಗೂ ಹೇಳುವುದಿಲ್ಲ. ನನ್ನ ಅತ್ತೆ ತೆಕ್ಲಾ ಅವರದು ಅಂಥ ಒಂದು ಜಾಗ. ಕಂದು ಟೋಪಿಯ, ದಪ್ಪ ಕಾಲಿನ ಬೊರೋವಿಕ್ ಅಣಬೆ ಅಲ್ಲಿ ಪೈನ್ ಮರಗಳ ಬುಡದಲ್ಲಿ ಬೀಡುಬಿಡುತ್ತದೆ. ಕ್ರಿಸ್‌ಮಸ್ ಹಿಂದಿನ ಸಂಜೆ ನಮ್ಮ ಮನೆಯ ಅಣಬೆ ಸಾರಿನ ಹೆಸರು ನಿಂತಿರುವುದು ಅದರ ಮೇಲೆ. ಮದುವೆಯಾಗಿ ಹನ್ನೆರಡು ವರ್ಷವಾದ ಮೇಲೆ ಅತ್ತೆ ನನ್ನನ್ನು ಕಾಡಿನಲ್ಲಿ ಮೂರು ಸುತ್ತು ಸುತ್ತಿಸಿ ಅಲ್ಲಿಗೆ ಕರೆದೊಯ್ದು, ದಾರಿಬದಿಯ ಶಿಲುಬೆ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದರು. ಹಿರಿಯ ಅಳಿಯ ರೋಮುವಾಲ್ದ್‌ಗೆ ಆ ಭಾಗ್ಯ ಸಿಗಲಿಲ್ಲ. ಅವನ ಬಾಯಿ ಊರ ಬಾಗಿಲು ಎಂದು ಅತ್ತೆಯ ಅಭಿಪ್ರಾಯ. ನನಗೆ ಜೀವಮಾನದಲ್ಲಿ ಸಿಕ್ಕಿದ ಪದಕ ಅದೊಂದೇ.

ಸೆಪ್ಟೆಂಬರ್ ಮೂರನೇ ವಾರ ಬೊಜೆನಾ ಜೊತೆ ಆ ಜಾಗಕ್ಕೆ ಹೋದೆ. ಮೂವತ್ತನಾಲ್ಕು ಬೊರೋವಿಕ್. ಒಂದೊಂದರ ಪಕ್ಕದಲ್ಲೂ ಗಾತ್ರ ತಿಳಿಯಲೆಂದು ಬೆಂಕಿಪೆಟ್ಟಿಗೆ ಇಟ್ಟು ಹೊಸ ಕ್ಯಾಮೆರಾದಲ್ಲಿ ಫೋಟೋ ತೆಗೆದೆ. ಸುತ್ತಲಿನ ಮರ, ದಾರಿ, ಗುರುತಿನ ಕಲ್ಲು ಯಾವುದೂ ಬರದಂತೆ ಬಗ್ಗಿ ಬಗ್ಗಿ ತೆಗೆದೆ. ಗುಟ್ಟು ಕಾಪಾಡುವುದರಲ್ಲಿ ನನ್ನ ಜಾಣ್ಮೆಗೆ ನಾನೇ ತಲೆದೂಗಿದೆ.

ಮಾರನೆಯ ದಿನ, ಇಪ್ಪತ್ಮೂರಕ್ಕೆ, ಅತ್ತೆಯ ಹೆಸರಿನ ಹಬ್ಬ, ಅಂದರೆ ಅವರಿಗಿಟ್ಟ ಹೆಸರಿನ ಸಂತಳ ದಿನ. ಹತ್ತಿರದ ಊರು ಸುಪ್ರಾಶ್ಲ್‌ನ ಅವರ ಮನೆಯಲ್ಲಿ ನಾವೆಲ್ಲ ಸೇರಿದ್ದೆವು. ಇಡೀ ಮೇಜು ಒಂದೇ ಫೋಟೋದಲ್ಲಿ ಹಿಡಿಯಿತು, ಎಲ್ಲರೂ ಸ್ವಲ್ಪ ನೀಲಿಯಾದರು. ರೋಮುವಾಲ್ದ್ ಲ್ಯಾಪ್‌ಟಾಪ್ ತಂದಿದ್ದ.

"ಕಾರ್ಡ್ ಕೊಡು, ಅತ್ತೆ ಫೋಟೋ ಹಾಕ್ಕೋತೀನಿ."

"ಎಲ್ಲಾನೂ ಹಾಕ್ಕೋ," ಎಂದೆ ಉದಾರವಾಗಿ. "ಅದ್ರಲ್ಲಿ ನಿನ್ನೆ ಸಿಕ್ಕಿದ್ ಅಣಬೇದೂ ಒಂದಷ್ಟಿವೆ. ಚಿಕ್ಕಪುಟ್ಟವು."

ಹೊಟ್ಟೆ ಉರಿದುಕೊಳ್ಳಲಿ ಎಂದೇ ಕೊಟ್ಟೆ, ಸುಳ್ಳೇಕೆ ಹೇಳಲಿ. ಅವನು ಒಂದೊಂದನ್ನೂ ತೆರೆದು, ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದ. ಮ್ಯೂಸಿಯಂ ಮಾತಿಗೆ ಸೇಡು ತೀರಿತೆಂದು ನಾನು ಎರಡು ಕೇಕಿನ ತುಂಡು ಹೆಚ್ಚಿಗೆ ತಿಂದೆ.

ಗುರುವಾರ ಬೊಜೆನಾ ಕ್ಯಾಮೆರಾ ಕೇಳಿದಳು. "ಅಮ್ಮನ್ನ ಕರ್ಕೊಂಡು ಅಪ್ಪನ ಸಮಾಧಿಗೆ ಹೋಗ್ಬರ್ತೀನಿ. ಕಲ್ಲು ಬಿರುಕು ಬಿಟ್ಟಿದೆ, ಕೆಲಸದೋನಿಗೆ ಫೋಟೋ ತೋರಿಸ್ಬೇಕು." ಶರತ್ಕಾಲ ಬಂತೆಂದರೆ ದಿವಂಗತ ಮಾವನವರ ಮೇಲೆ ಈ ಮನೆಯ ಹೆಂಗಸರಿಗೆ ಭಕ್ತಿ ಉಕ್ಕುತ್ತದೆ. ಒಳ್ಳೆಯ ಗುಣ ಎಂದುಕೊಂಡು ಕೊಟ್ಟೆ.

ಶನಿವಾರ ಬೆಳಿಗ್ಗೆ ನಾವಿಬ್ಬರೂ ಬುಟ್ಟಿ ಹಿಡಿದು ನಮ್ಮ ಜಾಗಕ್ಕೆ ಹೋದರೆ, ಪೈನ್ ಮರಗಳ ನಡುವೆ ಒಂದು ಹಸಿರು ಕಾರು. ಪಕ್ಕದಲ್ಲಿ ನಾಲ್ಕು ಪ್ಲಾಸ್ಟಿಕ್ ಬಕೀಟು, ನಾಲ್ಕೂ ತುಂಬಿದ್ದವು. (ಅಣಬೆಗೆ ಬಕೀಟು ತರುವವನ ಸಂಸ್ಕಾರ ಎಂಥದೆಂದು ನೀವೇ ಯೋಚಿಸಿ.) ರೋಮುವಾಲ್ದ್ ಸೊಂಟ ಹಿಡಿದುಕೊಂಡು ಎದ್ದು ನಿಂತ.

"ಬಾರಯ್ಯ, ಲೇಟಾಯ್ತಲ್ಲ ಇವತ್ತು. ಒಬ್ನೇ ಬಂದಿದೀನಿ. ದನುತಾ ಅತ್ತೇನ ಮಾವನ ಸಮಾಧಿಗೆ ಕರ್ಕೊಂಡ್ ಹೋಗಿದಾಳೆ."

"ನಿನಗೆ... ಈ ಜಾಗ... ಯಾರು ಹೇಳಿದ್ದು?" ನನ್ನ ಗಂಟಲಲ್ಲಿ ಹಳೇ ಕ್ಯಾಮೆರಾದ ಸದ್ದು ಬಂತು.

"ನೀನೇ. ನಿನ್ನ ಫೋಟೋ ತೆರೆದ್ರೆ ಪಕ್ಕದಲ್ಲಿ ನಕ್ಷೆ ಬಂತು, ನಕ್ಷೆ ಮೇಲೆ ಮೂವತ್ನಾಲ್ಕು ಚುಕ್ಕಿ. ಭೂಗೋಳ ಚೆನ್ನಾಗ್ ಕಲಿಸ್ತೀಯಪ್ಪ."

ಭೂಮಿ ಬಾಯಿಬಿಡಬಾರದೇ ಎನಿಸಿತು. ಬೊಜೆನಾ ತುಟಿ ಕಚ್ಚಿಕೊಂಡು ಮರದ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಅವಳ ಬುಟ್ಟಿಯನ್ನೂ ನಾನೇ ಎತ್ತಿಕೊಂಡೆ. ಎಂಬತ್ತೊಂದು ವರ್ಷದ ಮುದುಕಿ ನನ್ನೊಬ್ಬನನ್ನು ನಂಬಿ ಕೊಟ್ಟ ಆಸ್ತಿ. ಕಾರಿನಲ್ಲಿ ಬೊಜೆನಾ ಮೂರು ಸಲ "ಲುದ್ವಿಕ್, ನೋಡು" ಎಂದು ಶುರುಮಾಡಿದಳು. ಮೂರು ಸಲವೂ ನಾನೇ, "ಏನೂ ಹೇಳ್ಬೇಡ, ಸೀದಾ ನಿಮ್ಮಮ್ಮನ ಹತ್ರ ಹೋಗೋಣ. ನಾನೇ ಒಪ್ಕೋತೀನಿ," ಎಂದೆ.

ಅತ್ತೆ ಆಗಲೇ ಮನೆಗೆ ಮರಳಿದ್ದರು, ದನುತಾ ಅವರನ್ನು ಬಿಟ್ಟು ಹೋಗಿದ್ದಳು. ಸೌದೆ ಒಲೆಯ ಪಕ್ಕ ಕೂತು ಅಣಬೆಯ ಹೋಳುಗಳನ್ನು ಸೂಜಿಯಿಂದ ದಾರಕ್ಕೆ ಪೋಣಿಸುತ್ತಿದ್ದರು. ನಾನು ಟೋಪಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಅಂಗಡಿಯ ಹುಡುಗಿಯಿಂದ ಬಕೀಟಿನವರೆಗೆ ಎಲ್ಲ ಹೇಳಿದೆ.

"ಯಾರ್ ಯಾರಿಗೆ ಗೊತ್ತಾಯ್ತು?"

"ರೋಮುವಾಲ್ದ್‌ಗೆ."

"ಸದ್ಯ, ಮನೆಯೋನೇ ತಾನೆ," ಎಂದು ಇನ್ನೊಂದು ಹೋಳು ಪೋಣಿಸಿದರು.

ಇಷ್ಟೇನಾ ಎಂದು ತಲೆ ಎತ್ತಿದೆ. ಆಗ ಕಂಡಿತು. ಒಲೆಯ ಮೇಲೆ, ಕಿಟಕಿಯ ಚಿಲಕದಲ್ಲಿ, ಕುರ್ಚಿಗಳ ಬೆನ್ನಿಗೆ, ಅಣಬೆ ಹಾರಗಳು ತೂಗುತ್ತಿದ್ದವು. ಅದೇ ದಿನ ಕೊಯ್ದವು, ಕತ್ತರಿಸಿದ ಕಡೆ ಇನ್ನೂ ಹಾಲುಬಿಳುಪು. ನೆಲದ ಮೇಲೆ ಮತ್ತೆರಡು ಬುಟ್ಟಿ.

"ಅಮ್ಮ, ಇವೆಲ್ಲ ಎಲ್ಲಿಂದ ಬಂದ್ವು?" ಎಂದೆ.

ಸೂಜಿ ನಿಂತಿತು. ಅತ್ತೆ ಬೊಜೆನಾಳನ್ನು ನೋಡಿದರು. ಬೊಜೆನಾ ಒಲೆಯನ್ನು ನೋಡಿದಳು. ಒಲೆಗೆ ನೋಡಲು ಯಾರೂ ಇರಲಿಲ್ಲ.

"ನೀನೇ ಹೇಳಮ್ಮ," ಎಂದಳು ಬೊಜೆನಾ. "ಕಾರಲ್ಲಿ ಹೇಳೋಕ್ ಬಿಡ್ಲಿಲ್ಲ ಇವನು."

"ನೋಡಪ್ಪ," ಎಂದರು ಅತ್ತೆ, "ಅದು ಅಳಿಯಂದಿರ ಜಾಗ."

"ಹಾಗಂದ್ರೆ?"

"ಗಂಡಸರಿಗೆ ತೋರಿಸೋ ಜಾಗ. ನಮ್ಮದು ಬೇರೆ ಇದೆ. ಅಜ್ಜಿ ನಮ್ಮಮ್ಮನಿಗೆ ಕೊಟ್ಟಿದ್ದು, ಅಮ್ಮ ನನಗೆ, ನಾನು ಈ ಇಬ್ರು ಹೆಣ್ಮಕ್ಕಳಿಗೆ. ನಿಮ್ಮ ಮಾವನಿಗೂ ಆ ಪೈನ್ ಮರದ್ದೇ ತೋರಿಸಿದ್ದು. ನಲವತ್ತೊಂದು ವರ್ಷ ಬಾಯಿ ಬಿಡ್ಲಿಲ್ಲ ಪುಣ್ಯಾತ್ಮ. ಕೊನೇ ದಿನ ಪಾದ್ರಿಗಳು, ಹೇಳ್ಕೊಳ್ಳೋದೇನಾದ್ರೂ ಇದೆಯಾ ಅಂದ್ರೆ, ನನ್ನ ಕಡೆ ನೋಡಿ ಇಲ್ಲ ಅಂತ ತಲೆ ಆಡಿಸಿದ್ರು." ಅವರು ಸೆರಗಿಲ್ಲದ್ದಕ್ಕೆ ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡರು.

ಇಷ್ಟು ವರ್ಷದಿಂದ ಎದೆಯ ಮೇಲೆ ಹೊತ್ತಿದ್ದ ಪದಕ ತಗಡಿನದೆಂದು ಗೊತ್ತಾದಾಗ ಏನನ್ನಿಸುತ್ತದೋ ಅದೇ ಅನ್ನಿಸಿತು. ಮೂರು ಸುತ್ತು ಸುತ್ತಿಸಿದ್ದು, ಶಿಲುಬೆ ಮುಟ್ಟಿಸಿದ್ದು, ಎಲ್ಲ ಎಂಥ ಅಚ್ಚುಕಟ್ಟಾದ ನಾಟಕ. ಬೇಜಾರಾಯಿತು. ನಿಜವಾಗಿ ಬೇಜಾರಾಯಿತು.

ಅಷ್ಟರಲ್ಲಿ ಬೊಜೆನಾಳ ಮುಖದ ಬಣ್ಣ ಇಳಿಯಿತು. "ಅಮ್ಮ, ಗುರುವಾರ. ನೀನು ಆ ದೊಡ್ಡ ಅಣಬೆ ಹಿಡ್ಕೊಂಡಿದ್ ಫೋಟೋ."

"ಯಾವುದ್ರಲ್ಲಿ ತೆಗೆದೆ?"

ಬೊಜೆನಾ ಮೆಲ್ಲಗೆ ನನ್ನ ಅಂಗಿಯ ಜೇಬಿನ ಕಡೆ ಬೆರಳು ತೋರಿಸಿದಳು.

ಹೌದು. ಅಜ್ಜಿ, ಮುತ್ತಜ್ಜಿಯರ ನಿಜವಾದ ಜಾಗ, ಅಕ್ಷಾಂಶ ರೇಖಾಂಶ ಸಮೇತ, ನನ್ನ ಎದೆಯ ಮೇಲೆ ಬೆಚ್ಚಗೆ ಕೂತಿತ್ತು. ಮಾವನವರಿಗೆ ನಲವತ್ತೊಂದು ವರ್ಷದಲ್ಲಿ ಸಿಗದದ್ದು. ಮನೆಗೆ ಹೋಗಿ ಕಂಪ್ಯೂಟರಿಗೆ ಹಾಕಿದರೆ ಒಂದು ಚುಕ್ಕಿ, ಅಷ್ಟೇ. ಇಬ್ಬರು ಹೆಂಗಸರೂ ಉಸಿರು ಹಿಡಿದು ನನ್ನನ್ನೇ ನೋಡುತ್ತಿದ್ದರು.

ಕ್ಯಾಮೆರಾದಿಂದ ಕಾರ್ಡು ಕಿತ್ತೆ. ಒಲೆಯ ಬಾಗಿಲು ತೆಗೆದು ಒಳಗೆ ಹಾಕಿದೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು.

ಅತ್ತೆ ಎದ್ದು ದೊಡ್ಡ ಬಟ್ಟಲಿನಲ್ಲಿ ಅಣಬೆ ಸಾರು ಬಡಿಸಿದರು. "ನಿಮ್ಮ ಮಾವ ಇದ್ದಿದ್ರೆ ಇದೇ ಮಾಡ್ತಿದ್ರು," ಎಂದರು. ಅವರ ಕೈ ನನ್ನ ತಲೆಯ ಮೇಲೆ ಒಂದು ಗಳಿಗೆ ನಿಂತಿತು. ಮನಸ್ಸು ತುಂಬಿ ಬಂತು. ಇದೇ ಸಮಯವೆಂದು ಬಾಯಿಬಿಟ್ಟೆ.

"ಹಾಗಾದ್ರೆ ಅಮ್ಮ, ಮುಂದಿನ್ ವಾರ ನಾನೂ ನಿಮ್ಮ ಜೊತೆ..."

"ಸಾರು ಆರುತ್ತೆ. ತಿನ್ನು."

ಹೊಸ ಕ್ಯಾಮೆರಾ ಈಗ ನಮ್ಮ ಬೀರುವಿನಲ್ಲಿದೆ, ಬ್ಯಾಟರಿ ಅತ್ತೆಯ ಹಿಟ್ಟಿನ ಡಬ್ಬದಲ್ಲಿದೆ. ನಾನು ಹಳೇ ಕಂಪನಿಗೆ, ಅದೇ ಹಳೇ ಕ್ಯಾಮೆರಾಕ್ಕೆ ಮರಳಿದ್ದೇನೆ. ಮೂತಿಗೆ ಮೂರು ತಟ್ಟು ತಟ್ಟಿದರೆ ಒಂದೊಂದು ಸಲ ಬಾಯಿಬಿಡುತ್ತದೆ. ನೋಟ್‌ಬುಕ್ಕಿನಲ್ಲಿ ಅದರ ಗುಣಗಳ ಸಾಲಿಗೆ ಬೊಜೆನಾಳ ಕೈಬರಹ ಸೇರಿದೆ: 'ಏನೂ ನೆನಪಿಟ್ಟುಕೊಳ್ಳುವುದಿಲ್ಲ. ಆರಕ್ಕೆ ಆರು.'

ಅದರ ಮುಂದಿನ ಶನಿವಾರ ಹೆಂಗಸರು ಮೂವರೂ ಬುಟ್ಟಿ ಹಿಡಿದು ಮಾವನವರ ಸಮಾಧಿಗೆ ಹೊರಟರು. ಹೋಗುವಾಗ ನನ್ನನ್ನು ಪೈನ್ ಮರಗಳ ದಾರಿಯಲ್ಲಿ ಇಳಿಸಿದರು. ರೋಮುವಾಲ್ದ್ ಆಗಲೇ ಬಂದಿದ್ದ. ಹತ್ತಿರ ಬಂದು, ಕಾರು ದೂರ ಹೋಗುವವರೆಗೆ ಕಾದು, ದನಿ ತಗ್ಗಿಸಿದ.

"ನಿನ್ನ ಹೆಂಡ್ತಿಗೆ ಹೇಗೂ ಗೊತ್ತು, ಇರ್ಲಿ. ಆದ್ರೆ ದನುತಾಗೆ ಮಾತ್ರ ಈ ಜಾಗ ಹೇಳ್ಬೇಡಯ್ಯ. ಹೆಂಗಸರ ಹೊಟ್ಟೇಲಿ ಗುಟ್ಟು ನಿಲ್ಲಲ್ಲ."

"ಇಲ್ಲ," ಎಂದೆ. "ಮಾವನ ಆಣೆಗೂ ಹೇಳಲ್ಲ."

ಅವನು ಬಕೀಟು ಎತ್ತಿ ಹಿಡಿದು ಫೋಟೋ ತೆಗೆ ಎಂದ. ಮೂತಿಗೆ ಮೂರು ತಟ್ಟು ತಟ್ಟಿ, ಕಿಂಡಿಯಲ್ಲಿ ಕಣ್ಣಿಟ್ಟು ಒತ್ತಿದೆ. ಬಣ್ಣ ಚೆನ್ನಾಗಿ ಬಂದಿದೆ. ರೋಮುವಾಲ್ದ್ ಅರ್ಧ ಬಂದಿದ್ದಾನೆ.